ಹಳೆಯ ಮಾರುತಿಗೆ ಮೊದಲು ಬ್ರೇಕು, ಆಮೇಲೆ ಬೆಳಕು

ಅಮಾವಾಸ್ಯೆಯ ಹಿಂದಿನ ಸಂಜೆ ಕೊಳ್ಳೇಗಾಲ–ಹನೂರು ರಸ್ತೆಯಲ್ಲಿ ನಿಂತರೆ, ಮಾದಪ್ಪನ ಬೆಟ್ಟಕ್ಕೆ ಹೊರಟ ಗಾಡಿಗಳ ಸಾಲಿನಲ್ಲಿ ಮಾರುತಿ 800 ಇವತ್ತಿಗೂ ಕಣ್ಣಿಗೆ ಬೀಳುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಇದು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಕೆಲಸ ಕಲಿಯಲು ಸುಲಭ, ಹೊಸ ಬೈಕಿನ ಬೆಲೆಗಿಂತ ಕಡಿಮೆಗೆ ಕೈಗೆ ಬರುತ್ತದೆ. ಕೊಂಡ ಮರುದಿನವೇ ನಮ್ಮ ಹುಡುಗರು ಸೀಟ್ ಕವರ್, ದೊಡ್ಡ ಸ್ಪೀಕರ್, ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹುಡುಕಿಕೊಂಡು ಹೋಗುತ್ತಾರೆ. ಅವೆಲ್ಲ ಆಮೇಲೆ. ತಾಳಬೆಟ್ಟದ ತಿರುವುಗಳನ್ನು, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನು ಹತ್ತಿ ಇಳಿಯಬೇಕಾದ ಕಾರಿಗೆ ಮೊದಲ ದುಡ್ಡು ಬ್ರೇಕಿಗೆ ಹಾಕಿ.

ಬ್ರೇಕ್ ಆಯಿಲ್ ಬದಲಿಸುವುದು

ಒಮ್ಮೆ ಮನೆಯವರನ್ನು ಕೂರಿಸಿಕೊಂಡು ಬೆಟ್ಟ ಇಳಿಯುವಾಗ ನನ್ನ ಕಾರಿನ ಪೆಡಲ್ ಕೆಸರು ತುಳಿದ ಹಾಗೆ ಒಳಕ್ಕೆ ಹೋಯಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಪ್ಯಾಡುಗಳು ಚೆನ್ನಾಗಿಯೇ ಇದ್ದವು. ಕೆಟ್ಟಿದ್ದು ಆಯಿಲ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ತಿರುವಿಗೊಮ್ಮೆ ಬ್ರೇಕ್ ಒತ್ತುತ್ತ ಬಂದರೆ ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಪೈಪಿನೊಳಗೆ ಆವಿ ತುಂಬಿದರೆ ಪೆಡಲ್ ಒತ್ತಿದ್ದು ಚಕ್ರಕ್ಕೆ ಮುಟ್ಟುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಇಬ್ಬರಿದ್ದರೆ ಮನೆಯಂಗಳದಲ್ಲೇ ಆಗುವ ಕೆಲಸ. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು. ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿರುವ ಕಪ್ಪಾದ ಆಯಿಲನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿ. ಮಾಸ್ಟರ್ ಸಿಲಿಂಡರಿನಿಂದ ದೂರವಿರುವ ಹಿಂದಿನ ಚಕ್ರದಿಂದ ಶುರುಮಾಡಿ. ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲಿನೊಳಗೆ ಮುಳುಗಿರಲಿ. ಒಳಗೆ ಕೂತವರು ಪೆಡಲನ್ನು ಮೂರು ಸಲ ತುಳಿದು ಒತ್ತಿ ಹಿಡಿಯಬೇಕು. ಆಗ ನೀವು ನಿಪ್ಪಲ್ ಕಾಲು ಸುತ್ತು ಸಡಿಲಿಸಿ. ಗುಳ್ಳೆಯೊಂದಿಗೆ ಆಯಿಲ್ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡು" ಎನ್ನಿ. ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆ ನಿಂತು, ತಿಳಿ ಆಯಿಲ್ ಬರುವವರೆಗೆ ಹೀಗೇ ಮಾಡಿ, ಆಮೇಲೆ ಉಳಿದ ಚಕ್ರಗಳಿಗೂ. ನಡುನಡುವೆ ಡಬ್ಬಿ ತುಂಬುತ್ತಿರಿ, ಖಾಲಿಯಾಗಲು ಬಿಡಬೇಡಿ. ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದುಬಿಡುತ್ತದೆ. ಪೆಡಲ್ ಗಟ್ಟಿಯಾಗಿ ನಿಂತಿದೆ ಎಂದು ಖಾತ್ರಿಯಾಗದೆ ರಸ್ತೆಗೆ ತರಬೇಡಿ. ಸಂಶಯ ಉಳಿದರೆ ಮೆಕ್ಯಾನಿಕ್ ಕೈಗೆ ಕೊಡಿ.

ಹೆಡ್‌ಲೈಟಿಗೆ ರಿಲೇ

ಹಳೆಯ ಮಾರುತಿಯ ಬೆಳಕು ಮಂಕಾಗಿರುವುದಕ್ಕೆ ಬಲ್ಬೊಂದೇ ಕಾರಣವಲ್ಲ. ಕರೆಂಟು ಸಣ್ಣ ವೈರು, ಸವೆದ ಸ್ವಿಚ್ಚು ದಾಟಿ ಬರುವಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಬ್ಯಾಟರಿ ನೋಡಿ, ಆಮೇಲೆ ಉರಿಯುತ್ತಿರುವ ಬಲ್ಬಿನ ಪಿನ್ ನೋಡಿ. ಅಲ್ಲಿ 13.5, ಇಲ್ಲಿ 12 ವೋಲ್ಟ್ ತೋರಿಸಿದರೆ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿದ್ದೀರಿ ಎಂದರ್ಥ. ಆನೆ ದಾಟುವ ಕಾಡುದಾರಿಯಲ್ಲಿ ಇದು ಸಣ್ಣ ನಷ್ಟವಲ್ಲ.

ಸ್ವಿಚ್ಚಿನ ಸಣ್ಣ ಕರೆಂಟಿನಿಂದಲೇ ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವುದು ರಿಲೇಯ ಕೆಲಸ. ನಾಲ್ಕು ಪಿನ್ನಿನ ಎರಡು ರಿಲೇ ಬೇಕು, ಡಿಮ್ಮಿಗೊಂದು, ಬ್ರೈಟಿಗೊಂದು. ಜೊತೆಗೆ ಎರಡು ಹೊಸ ಎಚ್4 ಸಾಕೆಟ್, 2.5 ಚದರ ಮಿ.ಮೀ. ವೈರು, 15 ಆಂಪಿಯರಿನ ಎರಡು ಫ್ಯೂಸು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಪಾಸಿಟಿವ್‌ನಿಂದ ಫ್ಯೂಸ್ ದಾಟಿಸಿ ರಿಲೇಯ 30ನೇ ಪಿನ್ನಿಗೆ, 87ರಿಂದ ಎರಡೂ ಹೊಸ ಸಾಕೆಟ್ಟಿಗೆ ವೈರು ಎಳೆಯಿರಿ. ಸಾಕೆಟ್ಟಿನ ಉಳಿದ ಕಾಮನ್ ಪಿನ್ನಿಗೆ, ಬಣ್ಣ ಕೆರೆದ ಬಾಡಿಯಿಂದ ಅರ್ತ್ ಕೊಡಿ. ಡಿಮ್ಮಿನ ರಿಲೇಯ 85, 86ನ್ನು ಹಳೆಯ ಒಂದು ಸಾಕೆಟ್ಟಿನ ಕಾಮನ್ ಹಾಗೂ ಡಿಮ್ ತಂತಿಗೆ, ಬ್ರೈಟಿನದನ್ನು ಕಾಮನ್ ಹಾಗೂ ಬ್ರೈಟ್ ತಂತಿಗೆ ಸೇರಿಸಿ. ಡಯೋಡ್ ಇಲ್ಲದ ಸಾದಾ ರಿಲೇಯೇ ಇರಲಿ, ಆಗ ತಂತಿ ಅದಲುಬದಲಾದರೂ ತೊಂದರೆಯಿಲ್ಲ. ಬಲ್ಬು ಮಾತ್ರ ಕಂಪನಿಯ 60/55 ವ್ಯಾಟಿನದೇ ಸಾಕು.

ಕೊನೆಗೆ ಸಮನೆಲದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ. ಡಿಮ್ ಬೆಳಕಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಸುಮಾರು ಮೂರು ಅಂಗುಲ ಕೆಳಗಿರಲಿ. ಎದುರು ಬರುವವರ ಕಣ್ಣನ್ನೂ ಕಾಯಬೇಕು.

ತಂಪು ಮತ್ತು ಹುರುಳಿ

ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ತಣ್ಣಗಿರುವಾಗ ಹಳೆಯದನ್ನು ಹರಿಸಿ, ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ಹಾಕಿ. ಎಂಜಿನ್ ಓಡಲು ಬಿಟ್ಟು, ಫ್ಯಾನ್ ತಾನಾಗಿ ತಿರುಗುವುದನ್ನು ಕಣ್ಣಾರೆ ನೋಡಿ. ಘಾಟಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಇದ್ದರೆ ಪೂರ್ತಿ ತಿರುಗಿಸಿ.

ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ ಸೊಪ್ಪೆಯ ಮೇಲೆ ಹಾದರೆ ಅದು ಆಕ್ಸಲ್ಲಿಗೆ, ಸೈಲೆನ್ಸರಿಗೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಳ್ಳಬಹುದು. ಸಾಧ್ಯವಾದರೆ ಬದಿಯಲ್ಲಿ ಹೋಗಿ. ದಾಟಲೇಬೇಕಾದರೆ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ ಕಿತ್ತುಹಾಕಿ. ಒಂದು ಕೆ.ಜಿ.ಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿರಲಿ. ಮ್ಯೂಸಿಕ್ ಸಿಸ್ಟಮ್ಮಿಗಿಂತ ಮೊದಲು ಕೊಳ್ಳಬೇಕಾದದ್ದು ಇದು.

ಕಾನೂನು

ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಬಂಪರಿನ ಮುಂದಿನ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬೇಡ. ನಿಯಮ ಮೀರಿದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು.

ಕಾರಿಗೆ 15 ವರ್ಷ ತುಂಬಿದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಸಿಗುವುದು ಮುಂದಿನ ಐದು ವರ್ಷಕ್ಕೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಪಾನಾ ಕೈಗೆತ್ತಿಕೊಳ್ಳುವ ಮುಂಚೆ ನಿಮ್ಮ ಆರ್‌ಸಿ ತೆಗೆದು ಆ ದಿನಾಂಕ ನೋಡಿಕೊಳ್ಳಿ.