ಸಂಖ್ಯೆಯ ಹಾರ: 12345654321

ಮಕ್ಕಳೇ, 'ವಿಕಟಕವಿ' ಎಂಬ ಪದವನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. 'ಕುಬೇರನಿಗೇನಿರಬೇಕು' ಎಂಬುದೂ ಹಾಗೆಯೇ; ಒಂದೊಂದೇ ಅಕ್ಷರ ಹಿಡಿದು ಓದಿ ನೋಡಿ. ಸಂಖ್ಯೆಗಳಲ್ಲೂ ಇಂಥವು ಇವೆ. ಭಾಷೆ ಕಲಿಸುವ ನಾವು ಇಂದು ಗಣಿತದ ಅಂಗಳಕ್ಕೆ ಕಾಲಿಡುತ್ತಿದ್ದೇವೆ, ಗಣಿತದ ಶಿಕ್ಷಕರು ಮನ್ನಿಸಬೇಕು!

ನಮ್ಮ ಸಂಖ್ಯೆ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಸುಮಾರು ಕ್ರಿ.ಶ. 850ರಲ್ಲಿ ಕನ್ನಡ ನಾಡಿನ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲಿ ಈ ಸಂಖ್ಯೆಯನ್ನು ಕೊಟ್ಟಿದ್ದಾರೆ. ಗ್ರಂಥದ ಆರಂಭದಲ್ಲಿ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ. ಆಚಾರ್ಯರ ಲೆಕ್ಕ ಇದು:

27994681 × 441 = 12345654321

ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಇಂತಹ ಕೆಲವು ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಇದರ ಗುಟ್ಟೇನು? 441 ಎಂದರೆ 21 × 21. 27994681 ಎಂದರೆ 5291 × 5291. ಈಗ 5291ನ್ನು 21ರಿಂದ ಗುಣಿಸಿ. 111111 ಬಂತಲ್ಲವೇ? ಅಂದರೆ ನಮ್ಮ ಹಾರ 111111 × 111111, ಆರು ಒಂದುಗಳ ವರ್ಗ.

ಏರಿಳಿತ ಏಕೆ ಬರುತ್ತದೆಂದು ತಿಳಿಯಲು ಚಿಕ್ಕದನ್ನು ಮಾಡೋಣ. 111 × 111ನ್ನು ಕಾಗದದ ಮೇಲೆ ಗುಣಿಸಿದರೆ ಮೂರು ಸಾಲು ಬರುತ್ತವೆ: 111, 1110, 11100. ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿದೆ. ಆದ್ದರಿಂದ ತುದಿಯ ಮನೆಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುವೆ ಮೂರು ಒಂದುಗಳು ಸೇರಿ 12321 ಆಗುತ್ತದೆ. ಆರು ಸಾಲಾದರೆ ನಡುವೆ ಆರು. ಒಂಬತ್ತು ಒಂದುಗಳವರೆಗೂ ಇದು ಚೆನ್ನಾಗಿ ನಡೆಯುತ್ತದೆ: 12345678987654321. ಹತ್ತು ಒಂದುಗಳಾದಾಗ ನಡುವಿನ ಮನೆಯಲ್ಲಿ ಹತ್ತು ಸೇರಿ, ದಶಕ ಎಡಕ್ಕೆ ಹೋಗಿ, ಹಾರ ಹರಿಯುತ್ತದೆ. ಉತ್ತರ 1234567900987654321. ಎಂಟು ಎಲ್ಲಿ ಮಾಯವಾಯಿತು, ನೀವೇ ಹುಡುಕಿ.

ದೊಡ್ಡ ತರಗತಿಯವರಿಗೆ ಇನ್ನೊಂದು ಮಾತು. 111111 = 3 × 7 × 11 × 13 × 37. ನಮ್ಮ ಸಂಖ್ಯೆಯಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುತ್ತವೆ. ಹಾಗಾಗಿ ಅದಕ್ಕೆ ಒಟ್ಟು 3 × 3 × 3 × 3 × 3, ಅಂದರೆ 243 ಭಾಜಕಗಳು.

ಈಗ ನಮ್ಮ ಪಾಠಕ್ಕೆ ಬರೋಣ. ಈ ಸಂಖ್ಯೆಯನ್ನು ಗಟ್ಟಿಯಾಗಿ ಓದಿ. "ಟ್ವೆಲ್ವ್ ಬಿಲಿಯನ್..." ಎಂದು ಥಟ್ಟನೆ ಹೇಳುವ ಮಕ್ಕಳು ಕನ್ನಡದಲ್ಲಿ ಓದಿ ಎಂದರೆ ಇಪ್ಪತ್ತು ದಾಟುವಷ್ಟರಲ್ಲೇ ತಡವರಿಸುತ್ತಾರೆ. ಊರಿನಲ್ಲಿರುವ ಅಜ್ಜ ಲಕ್ಷ, ಕೋಟಿಯಲ್ಲಿ ಮಾತನಾಡಿದರೆ ಮೊಮ್ಮಕ್ಕಳು ಅಮ್ಮನ ಮುಖ ನೋಡುತ್ತಾರೆ. ಬಲಗಡೆಯಿಂದ ಮೊದಲು ಮೂರು, ನಂತರ ಎರಡೆರಡು ಅಂಕೆ ಬಿಡಿಸಿ: 12,34,56,54,321. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರಾಚಾರ್ಯರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಂತೆ ನಮ್ಮ ಸಂಖ್ಯೆಯ ಎಡತುದಿಯ 1 ನಿಂತಿರುವುದು 'ಅರ್ಬುದ' ಎಂಬ ಸ್ಥಾನದಲ್ಲಿ.

ಮನೆಗೆಲಸಕ್ಕೆ ಅವರದೇ ಇನ್ನೊಂದು ಲೆಕ್ಕ: 142857143 × 7. ಕ್ಯಾಲ್ಕ್ಯುಲೇಟರ್ ಬೇಡ. ಉತ್ತರವನ್ನು ಅಂಕೆಯಲ್ಲಿ ಬರೆದು, ಅಪ್ಪ ಅಮ್ಮನ ಮುಂದೆ ಕನ್ನಡದಲ್ಲಿ ಓದಿ. ಮೂರೇ ಪದ ಸಾಕು.