ಬಾಗಿದ ಗೋಡೆ ಮತ್ತು ಮಾಲಿಕನ ಹೊಣೆ

ಚಾಮರಾಜಪೇಟೆ, ಬಸವನಗುಡಿ ಅಥವಾ ಮಲ್ಲೇಶ್ವರದ ಹಳೆಯ ಅಡ್ಡರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ. ಸಾಲುಮನೆಗಳ ನಡುವೆ ಬೀಗ ಜಡಿದ ಮನೆಯೊಂದು ಕಣ್ಣಿಗೆ ಬೀಳುತ್ತದೆ. ಹೆಂಚು ಕುಸಿದಿದೆ, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರೂರಿದೆ, ಕಾಂಪೌಂಡಿನೊಳಗೆ ಬೀದಿಯ ಕಸವೆಲ್ಲ ಸೇರಿದೆ. ಮಳೆಗಾಲದಲ್ಲಿ ಅಲ್ಲಿ ಹುಟ್ಟುವ ಸೊಳ್ಳೆ ಮಾಲಿಕನನ್ನು ಕಚ್ಚುವುದಿಲ್ಲ; ಅವನು ಬೇರೆ ಬಡಾವಣೆಯಲ್ಲೋ ಬೇರೆ ದೇಶದಲ್ಲೋ ಇದ್ದಾನೆ. ಅದು ಕಚ್ಚುವುದು ನೆರೆಮನೆಯ ಮಗುವನ್ನು. ಕೇಳಿದರೆ ಸಿಗುವ ಉತ್ತರ: "ನನ್ನ ಆಸ್ತಿ, ನನ್ನ ಇಷ್ಟ."

ಒಬ್ಬ ಸತ್ಯವಿಶ್ವಾಸಿ ಹೀಗೆ ಹೇಳಬಹುದೇ?

ಈ ಬಡಾವಣೆಗಳ ಚರಿತ್ರೆಯೇ ಇದಕ್ಕೆ ಒಂದು ಉತ್ತರ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಒಂದು ಮನೆಯ ಕೊಳೆ ಇಡೀ ಬೀದಿಗೆ ರೋಗವಾಗುತ್ತದೆಂದು ಕಲಿತ ಮೇಲೆಯೇ ಅಗಲವಾದ ರಸ್ತೆಗಳನ್ನೂ ಮನೆಗಳ ಹಿಂದೆ ಓಣಿಗಳನ್ನೂ ಬಿಡಲಾಯಿತು.

ಒಡೆತನ ಒಂದು ಅಮಾನತ್

ಆಸ್ತಿಯ ನಿಜವಾದ ಒಡೆಯ ಅಲ್ಲಾಹನು. ನಮ್ಮದು ತಾತ್ಕಾಲಿಕ ಪಾರುಪತ್ಯ ಮಾತ್ರ. ಯಾರ ಉಪದ್ರವದಿಂದ ನೆರೆಯವನು ನಿರ್ಭಯನಾಗಿಲ್ಲವೋ ಅವನ ಈಮಾನನ್ನೇ ಪ್ರವಾದಿವರ್ಯರು(ಸ) ಆಣೆಯಿಟ್ಟು ನಿರಾಕರಿಸಿದ್ದಾರೆ. ದಾರಿಯಿಂದ ತೊಂದರೆ ನಿವಾರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಒಂದೆಂದು ಕಲಿಸಿದ್ದಾರೆ. ಮುಳ್ಳು ತೆಗೆಯುವುದು ಪುಣ್ಯವಾದರೆ ಬೀದಿಯ ಮೇಲೆ ಗೋಡೆ ಬೀಳಲು ಬಿಡುವುದು ಏನಾದೀತು?

ಪ್ರವಾದಿವರ್ಯರು(ಸ) ಬಿಲಾಲ್ ಬಿನ್ ಹಾರಿಸ್ ಅಲ್ ಮುಝನಿ(ರ) ಅವರಿಗೆ ಅಲ್ ಅಕೀಕ್ ಎಂಬಲ್ಲಿ ಭೂಮಿ ನೀಡಿದ್ದರು. ಖಲೀಫಾ ಉಮರ್(ರ) ತಮ್ಮ ಆಡಳಿತದಲ್ಲಿ, ಅವರು ದುಡಿಸಬಲ್ಲಷ್ಟನ್ನು ಅವರಿಗೇ ಬಿಟ್ಟು ಉಳಿದುದನ್ನು ಮರಳಿ ಪಡೆದು ಇತರರಿಗೆ ಹಂಚಿದರು. ಇದು ಸರಕಾರ ನೀಡಿದ ಭೂಮಿಯ ವಿಷಯ. ಹಣ ಕೊಟ್ಟು ಕೊಂಡ ಮನೆಯನ್ನು ಕಿತ್ತುಕೊಳ್ಳಲು ಇದು ಪುರಾವೆಯಲ್ಲ. ಆದರೆ ಭೂಮಿಯನ್ನು ಹಿಡಿದಿಟ್ಟು ಹಾಳುಗೆಡಹುವುದು ಹಕ್ಕಲ್ಲವೆಂಬ ತತ್ವ ಇದರಲ್ಲಿದೆ.

ಬಾಗಿದ ಗೋಡೆಯ ಪಾಠ

ಮದ್ರಸಾಗಳಲ್ಲಿ ಇಂದಿಗೂ ಪಾಠವಾಗುವ 'ಹಿದಾಯ' ಗ್ರಂಥದಲ್ಲಿ ಬಾಗಿದ ಗೋಡೆಯ ಕುರಿತೇ ಚರ್ಚೆಯಿದೆ. ನೆಟ್ಟಗೆ ಕಟ್ಟಿದ ಗೋಡೆ ಕಾಲಾನಂತರ ಬೀದಿಯ ಕಡೆಗೆ ವಾಲಿತು. ಅದನ್ನು ಕೆಡವೆಂದು ಮಾಲಿಕನಿಗೆ ಎಚ್ಚರಿಕೆ ನೀಡಲಾಯಿತು. ಸಾಕಷ್ಟು ಸಮಯವಿದ್ದೂ ಅವನು ಕೆಡವಲಿಲ್ಲ. ಆಗ ಅದು ಬಿದ್ದು ಆಗುವ ಹಾನಿಗೆ ಅವನೇ ಹೊಣೆ. ಸಾರ್ವಜನಿಕ ದಾರಿಯ ಕಡೆಗೆ ವಾಲಿದ್ದರೆ ದಾರಿಹೋಕ ಯಾರೂ ಎಚ್ಚರಿಸಬಹುದು. ನೆರೆಮನೆಯತ್ತ ವಾಲಿದ್ದರೆ ಆ ಹಕ್ಕು ನೆರೆಯವನದು. ಬಾಡಿಗೆದಾರನಿಗೆ ಹೇಳಿದರೆ ಸಾಲದು, ಕೆಡವುವ ಅಧಿಕಾರ ಅವನಿಗಿಲ್ಲ. ಗೋಡೆಗೆ ಐವರು ಒಡೆಯರಿದ್ದು ಒಬ್ಬನಿಗಷ್ಟೇ ಎಚ್ಚರಿಕೆ ತಲುಪಿದ್ದರೆ ಅವನು ಐದನೇ ಒಂದು ಪಾಲಿಗೆ ಹೊಣೆಯೆಂದು ಇಮಾಮ್ ಅಬೂ ಹನೀಫಾ(ರಹ) ಹೇಳಿದ್ದಾರೆ.

2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಬಹುಮಹಡಿ ಕಟ್ಟಡವೊಂದು ಉರುಳಿತು. ವಾಸವಿದ್ದವರು ಮೊದಲೇ ಹೊರಬಂದಿದ್ದರಿಂದ ಜೀವಗಳು ಉಳಿದವು. ಎಲ್ಲ ಸಲವೂ ಹಾಗಾಗುವುದಿಲ್ಲ.

ದಂಡ ನ್ಯಾಯವೇ?

ಡೆಂಗಿ ಹೆಚ್ಚಿದಾಗ, 2024ರಲ್ಲಿ, ಕರ್ನಾಟಕ ಸರಕಾರ ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಗೊತ್ತುಪಡಿಸಿತು. ನಗರದ ಮನೆಗಳಿಗೆ 400 ರೂಪಾಯಿ. ಖಾಲಿ ನಿವೇಶನ, ಪಾಳುಬಿಟ್ಟ ಜಾಗಗಳಿಗೆ 2,000 ರೂಪಾಯಿ. ಸರಿಪಡಿಸದಿದ್ದರೆ ವಾರವಾರವೂ ದಂಡದ ಅರ್ಧದಷ್ಟು ಹೆಚ್ಚುವರಿ. ಪಾಳು ಜಾಗಕ್ಕೆ ಹೆಚ್ಚು ದಂಡ ವಿಧಿಸಿದ್ದು ಸರಿಯೇ, ಏಕೆಂದರೆ ಅಲ್ಲಿ ನೋಡಿಕೊಳ್ಳುವವರೇ ಇಲ್ಲ. ಆದರೆ ಗೋಡೆಯ ಪಾಠವನ್ನು ಮರೆಯಬಾರದು: ಮೊದಲು ಎಚ್ಚರಿಕೆ, ನಂತರ ಕಾಲಾವಕಾಶ, ಆಮೇಲೆ ಹೊಣೆ. ರಿಪೇರಿಗೆ ಗತಿಯಿಲ್ಲದ ವಿಧವೆಗೂ, ಬೆಲೆ ಏರಲೆಂದು ಕಾಯುವ ಶ್ರೀಮಂತನಿಗೂ ವ್ಯತ್ಯಾಸವಿದೆ. ಮೊದಲಿನವರಿಗೆ ನೆರೆಹೊರೆಯ ನೆರವು ಬೇಕು, ಎರಡನೆಯವನಿಗೆ ದಂಡ.

ನಮ್ಮ ಮನೆಯ ಮಾತು

ಸಹೋದರ ಸಹೋದರಿಯರೇ, ಬೀಗ ಬಿದ್ದ ಮನೆಗಳ ಹಿಂದೆ ಹೆಚ್ಚಾಗಿ ಇರುವುದೇನು? ಹಂಚದೆ ಉಳಿದ ವಾರೀಸು. ಅಬ್ಬಾ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಾಲಾಗಿಲ್ಲ. ಅಕ್ಕತಂಗಿಯರ ಪಾಲು ಕೊಡಲು ಅಣ್ಣನಿಗೆ ಮನಸ್ಸಿಲ್ಲ, ಅಣ್ಣತಮ್ಮಂದಿರಲ್ಲಿ ಮಾತಿಲ್ಲ, ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಪಾಲುಗಳನ್ನು ಲೆಕ್ಕ ಹಾಕಿ ಕೊಟ್ಟಿರುವಾಗ ನಾವು ಅದನ್ನು ತಡೆದಿಟ್ಟರೆ ಅನ್ಯಾಯ ಎರಡಾಗುತ್ತದೆ: ಒಂದು ವಾರೀಸುದಾರರಿಗೆ, ಇನ್ನೊಂದು ನೆರೆಯವರಿಗೆ. ಆ ನೆರೆಯವನು ಮುಸ್ಲಿಮನಿರಲಿ, ಹಿಂದೂವಿರಲಿ, ಅವನ ಹಕ್ಕು ಒಂದೇ.

ಆದ್ದರಿಂದ ಈ ವಾರವೇ ಕುಟುಂಬದವರನ್ನು ಕೂರಿಸಿ. ವಿಭಾಗ ಪತ್ರ ಮಾಡಿಸಿ ನೋಂದಾಯಿಸಿ. ಅದಾಗುವವರೆಗೂ ಎಲ್ಲರೂ ಸೇರಿ ಕಸ ತೆಗೆಸಿ, ನಿಂತ ನೀರು ಹರಿಸಿ, ಬಾಗಿದ ಗೋಡೆ ಇಳಿಸಿ. ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ. ಎಚ್ಚರಿಕೆ ನಿಮಗೆ ತಲುಪಲಿ. ನಗರಪಾಲಿಕೆಯ ದಂಡ ಕಟ್ಟಿದರೆ ರಸೀದಿ ಸಿಗುತ್ತದೆ, ವಿಷಯ ಮುಗಿಯುತ್ತದೆ. ನೆರೆಯವನು ಪರಲೋಕದಲ್ಲಿ ಹೂಡುವ ದಾವೆಗೆ ಅಂತಹ ರಸೀದಿಯಿಲ್ಲ.

ನೆರೆಯವರು ನಿರ್ಭಯವಾಗಿ ಬಾಳುವಂತಹ ಮನೆಗಳನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.