ಕಾರ್ಡಿನ ಮೇಲಿನ ಸಣ್ಣ ಅಂಕಿ



ಈ ಸಲದ ಪಾಠ ಕ್ಯಾಮೆರಾದ ಮೆಮೊರಿ ಕಾರ್ಡಿನ ಬಗ್ಗೆ. "ಅದು ನಮಗೆ ಯಾಕೆ ಟೀಚರೇ?" ಎಂದು ನೀವು ಕೇಳಬಹುದು. ಮದುವೆ ಇರಲಿ, ಗೃಹಪ್ರವೇಶ ಇರಲಿ, ಬಯಲಾಟ ಇರಲಿ, ಮನೆಯವರಲ್ಲಿ ಒಬ್ಬರಾದರೂ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಫೋಟೋ ತೆಗೆಯುವುದನ್ನೇ ಕಸುಬು ಮಾಡಿಕೊಂಡ ಮಕ್ಕಳೂ ನಮ್ಮ ಊರುಗಳಲ್ಲಿ ಇದ್ದಾರೆ. ಕಾರ್ಡಿಗೆ ದುಡ್ಡು ಕೊಡುವವರು ಹೆಚ್ಚಾಗಿ ತಂದೆ ತಾಯಿ. ಕೊಟ್ಟ ದುಡ್ಡಿಗೆ ಏನು ಸಿಕ್ಕಿತು ಎಂದು ಓದಿ ತಿಳಿಯಬೇಕಲ್ಲವೇ?

ಮೊದಲು ನನ್ನಿಂದಲೇ ಆದ ಒಂದು ತಪ್ಪನ್ನು ಹೇಳುತ್ತೇನೆ.

ನನ್ನ ತಪ್ಪು

ಅಗಲ್ಪಾಡಿಯಲ್ಲಿ ನಮ್ಮ ಕಲಿಕಾರ್ಥಿಗಳಿಗೆ ನಾಲ್ಕನೇ ತರಗತಿ ತತ್ಸಮಾನ ಪರೀಕ್ಷೆಯ ಸರ್ಟಿಫಿಕೇಟು ಕೊಡುವ ಸಣ್ಣ ಕಾರ್ಯಕ್ರಮ ಇತ್ತು. ಫೋಟೋ ತೆಗೆಯುವ ಕೆಲಸ ನನ್ನದು. ಕ್ಯಾಮೆರಾ ಪರಿಚಯದವರಿಂದ ಕೇಳಿ ತಂದದ್ದು, ಒಳ್ಳೆಯದೇ. ಕಾರ್ಡ್ ಮಾತ್ರ ನಾನು ಕೊಂಡದ್ದು. ಅದರ ಮೇಲೆ 64 ಜಿಬಿ ಎಂದು ದೊಡ್ಡದಾಗಿ ಬರೆದಿತ್ತು, ಕ್ರಯವೂ ಕಡಿಮೆ. ಬೇರೆ ಏನೂ ಓದದೆ ತೆಗೆದುಕೊಂಡೆ.

ಮೊದಲ ಹೆಸರು ಕರೆದರು. ಅರುವತ್ತು ದಾಟಿದ ಒಬ್ಬ ಅಕ್ಕ ಬೆಂಚಿನಿಂದ ಎದ್ದರು. ಅವರು ಏಳುವಾಗಲೇ ನಾನು ಗುಂಡಿ ಒತ್ತಿ ಹಿಡಿದೆ. ಟಕಟಕ ಎಂದು ಫೋಟೋ ಬೀಳುತ್ತಾ ಹೋಯಿತು. ಅವರು ಮೆಟ್ಟಿಲು ಹತ್ತಿದರು, ಸರ್ಟಿಫಿಕೇಟು ತೆಗೆದುಕೊಂಡರು, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಗ ಕ್ಯಾಮೆರಾ ಸುಮ್ಮನಾಯಿತು! ಗುಂಡಿ ಒತ್ತಿದರೂ ಶಬ್ದ ಇಲ್ಲ. ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಾ ಇತ್ತು, ಅಷ್ಟೇ.

ಅವರನ್ನು ಇನ್ನೊಮ್ಮೆ ನಿಲ್ಲಿಸಿ ಫೋಟೋ ತೆಗೆದೆ. ಅದರಲ್ಲಿ ಅವರು ನೆಟ್ಟಗೆ ನಿಂತು ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಕಣ್ಣಿಗೆ ಒತ್ತಿಕೊಂಡದ್ದು ಯಾವ ಫೋಟೋದಲ್ಲೂ ಇಲ್ಲ. "ಸಾರ ಇಲ್ಲ ಟೀಚರೇ" ಎಂದರು ಅವರು. ನನಗೆ ಮಾತ್ರ ಬೇಸರ ಹೋಗಲಿಲ್ಲ. ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿ 60 ಜಿಬಿಯಷ್ಟು ಜಾಗ ಖಾಲಿಯೇ ಇತ್ತು. ಹಾಗಾದರೆ ಕ್ಯಾಮೆರಾ ನಿಂತದ್ದು ಯಾಕೆ?

ಅಡಿಕೆ ಕೊಯ್ಲಿನ ಲೆಕ್ಕ

ಗುಂಡಿ ಒತ್ತಿ ಹಿಡಿದಾಗ ಒಂದೇ ಸಮನೆ ಫೋಟೋ ಬೀಳುವುದಕ್ಕೆ 'ಬರ್ಸ್ಟ್' ಎಂದು ಹೆಸರು. ಕ್ಯಾಮೆರಾದಲ್ಲಿ ಒಂದರ ಹಿಂದೆ ಒಂದು ಚೌಕ ಇಟ್ಟ ಚಿತ್ರ ಇದ್ದರೆ ಅದು ಬರ್ಸ್ಟಿನ ಗುರುತು. ತೆಗೆದ ಫೋಟೋ ನೇರ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಕ್ಯಾಮೆರಾದ ಒಳಗೆ 'ಬಫರ್' ಎಂಬ ಸಣ್ಣ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿಂದ ಕಾರ್ಡಿಗೆ ಬರೆಯಲ್ಪಡುತ್ತದೆ.

ಇದನ್ನು ಅಡಿಕೆ ಕೊಯ್ಲಿಗೆ ಹೋಲಿಸಿ ನೋಡಿ. ಒಬ್ಬ ಮರ ಹತ್ತಿ ಗೊನೆ ಕೊಯ್ದು ಇಳಿಸುತ್ತಾನೆ. ಮರದ ಬುಡದಲ್ಲಿ ರಾಶಿ ಆಗುತ್ತದೆ. ಇನ್ನೊಬ್ಬ ಅದನ್ನು ಹೆಡಿಗೆಯಲ್ಲಿ ತುಂಬಿಸಿ ಅಂಗಳಕ್ಕೆ ಹೊರುತ್ತಾನೆ.

ಕೊಯ್ಯುವವ: ಕ್ಯಾಮೆರಾ.
ಮರದ ಬುಡದ ಜಾಗ: ಬಫರ್.
ಹೊರುವವನ ನಡಿಗೆ: ಕಾರ್ಡಿನ ಬರೆಯುವ ವೇಗ.
ಅಂಗಳ: ಕಾರ್ಡಿನ ಜಿಬಿ.

ಅಂಗಳ ಎಷ್ಟೇ ದೊಡ್ಡದಿರಲಿ, ಹೊರುವವ ನಿಧಾನವಾದರೆ ಬುಡದಲ್ಲಿ ರಾಶಿ ತುಂಬುತ್ತದೆ. ಆಗ ಕೊಯ್ಯುವವ ಕೈ ಕಟ್ಟಿ ಕಾಯಬೇಕು. ನಾನು ಅಂಗಳ ನೋಡಿ ದುಡ್ಡು ಕೊಟ್ಟೆ. ಹೊರುವವನನ್ನು ನೋಡಲಿಲ್ಲ!

ಕಾರ್ಡನ್ನು ಓದುವುದು ಹೇಗೆ?

ಕ್ಯಾಮೆರಾಗಳಲ್ಲಿ ತುಂಬ ಬಳಕೆಯಲ್ಲಿರುವುದು ಎಸ್‌ಡಿ ಕಾರ್ಡ್. ಸ್ಯಾನ್‌ಡಿಸ್ಕ್, ಪ್ಯಾನಾಸೋನಿಕ್, ತೋಷಿಬಾ ಕಂಪೆನಿಗಳು ಸೇರಿ 1999ರಲ್ಲಿ ಇದನ್ನು ತಂದವು. ಕಾರ್ಡಿನ ಮುಖದ ಮೇಲೆ ಹಲವು ಗುರುತುಗಳಿವೆ. ಒಂದೊಂದಾಗಿ ಓದುವ.

1. ಜಿಬಿ: ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಒಂದು ಜಿಬಿ ಎಂದರೆ ಸುಮಾರು 1000 ಎಂಬಿ.

2. ದೊಡ್ಡದಾಗಿ ಬರೆದ ವೇಗ: 100, 170 ಎಂದೆಲ್ಲ ಇರುತ್ತದೆ. ಹೆಚ್ಚಿನ ಕಾರ್ಡುಗಳಲ್ಲಿ ಇದು ಓದುವ ವೇಗ, ಅಂದರೆ ಫೋಟೋವನ್ನು ಕಂಪ್ಯೂಟರಿಗೆ ಇಳಿಸುವಾಗಿನ ವೇಗ. ಬರೆಯುವ ವೇಗ ಇದಕ್ಕಿಂತ ಕಡಿಮೆ ಇರುತ್ತದೆ.

3. 'ಸಿ' ಅಕ್ಷರದ ಹೊಟ್ಟೆಯೊಳಗೆ ಅಂಕಿ: 2, 4, 6 ಅಥವಾ 10. ಸೆಕೆಂಡಿಗೆ ಕಡಿಮೆಯೆಂದರೂ ಅಷ್ಟು ಎಂಬಿ ಬರೆಯುತ್ತದೆ ಎಂಬ ಭರವಸೆ.

4. ಬಟ್ಟಲಿನ ಹಾಗಿರುವ 'ಯು' ಅಕ್ಷರದೊಳಗೆ ಅಂಕಿ: 1 ಇದ್ದರೆ ಕಡಿಮೆಯೆಂದರೆ 10 ಎಂಬಿ. 3 ಇದ್ದರೆ 30 ಎಂಬಿ.

5. 'ವಿ' ಅಕ್ಷರ ಮತ್ತು ಅಂಕಿ: 6, 10, 30, 60, 90. ಈ ಗುರುತು 2016ರಲ್ಲಿ ಬಂತು. ವಿ30 ಎಂದರೆ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯಬಾರದು.

6. ಒಂದು ಗೀಟು ಅಥವಾ ಎರಡು ಗೀಟು: ಇವು ರೋಮನ್ ಅಂಕಿಗಳು. ಎರಡು ಗೀಟಿನ ಕಾರ್ಡು ಹೆಚ್ಚು ವೇಗದ್ದು, ಅದರ ಬೆನ್ನಿನಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲು ಇರುತ್ತವೆ. ಆದರೆ ನಿಮ್ಮ ಕ್ಯಾಮೆರಾ ಒಂದು ಗೀಟಿನದಾದರೆ ಈ ಕಾರ್ಡೂ ಒಂದು ಗೀಟಿನ ವೇಗದಲ್ಲೇ ಓಡುತ್ತದೆ. ಹೆಚ್ಚು ದುಡ್ಡು ಕೊಟ್ಟದ್ದು ದಂಡ.

ಸಿ, ಯು, ವಿ ಗುರುತುಗಳನ್ನು ಮಾಡಿದ್ದು ವಿಡಿಯೋಕ್ಕಾಗಿ. ಆದರೂ ಬರ್ಸ್ಟ್ ಫೋಟೋಕ್ಕೆ ಕಾರ್ಡ್ ಆರಿಸುವಾಗ ಅವು ದಾರಿ ತೋರಿಸುತ್ತವೆ. ಮೊಬೈಲಿಗೆ ಹಾಕುವ ಉಗುರಿನಷ್ಟು ಸಣ್ಣ ಕಾರ್ಡಿನಲ್ಲಿಯೂ ಇವೇ ಗುರುತುಗಳು ಉಂಟು.

ಲೆಕ್ಕ ಮಾಡಿ ನೋಡುವ

ಒಂದು ಕ್ಯಾಮೆರಾ ಸೆಕೆಂಡಿಗೆ 5 ಫೋಟೋ ತೆಗೆಯುತ್ತದೆ ಎಂದು ಇಟ್ಟುಕೊಳ್ಳಿ. 'ರಾ' ಎಂಬ ದೊಡ್ಡ ನಮೂನೆಯಲ್ಲಿ ಒಂದು ಫೋಟೋಕ್ಕೆ 25 ಎಂಬಿ. ಬಫರಿನಲ್ಲಿ 12 ಫೋಟೋ ಹಿಡಿಸುತ್ತದೆ.

ಕಾರ್ಡ್ ಸೆಕೆಂಡಿಗೆ 25 ಎಂಬಿ ಬರೆದರೆ, 5 ಬಂದಲ್ಲಿ 1 ಹೋಗುತ್ತದೆ, 4 ಉಳಿಯುತ್ತದೆ. 12ನ್ನು 4ರಿಂದ ಭಾಗಿಸಿ. ಮೂರೇ ಸೆಕೆಂಡಿನಲ್ಲಿ ಬಫರ್ ತುಂಬಿತು. ಆಮೇಲೆ ಸೆಕೆಂಡಿಗೆ ಒಂದೇ ಫೋಟೋ.

ಕಾರ್ಡ್ ಸೆಕೆಂಡಿಗೆ 75 ಎಂಬಿ ಬರೆದರೆ, 3 ಹೋಗುತ್ತದೆ, 2 ಉಳಿಯುತ್ತದೆ. 12ನ್ನು 2ರಿಂದ ಭಾಗಿಸಿದರೆ 6 ಸೆಕೆಂಡು. ಕ್ಯಾಮೆರಾ ಅದೇ, ಹೊರುವವ ಮಾತ್ರ ಬೇರೆ.

ಕಾರ್ಡ್ ಬದಲಿಸಲು ದುಡ್ಡು ಇಲ್ಲವೇ?

ಇದ್ದ ಕಾರ್ಡಿನಲ್ಲಿಯೇ ಸುಧಾರಿಸಬಹುದು. ನಮ್ಮದು ಪಾರ್ತಿಸುಬ್ಬ ಹುಟ್ಟಿದ ಸೀಮೆ. ಆದ್ದರಿಂದ ಯಕ್ಷಗಾನದ ಉದಾಹರಣೆಯನ್ನೇ ಕೊಡುತ್ತೇನೆ.

ವೇಷಧಾರಿ ಧಿಗಿಣ ಹಾಕುವಾಗ ಕಾಲು ನೆಲ ಬಿಟ್ಟು ಇರುವುದು ಕ್ಷಣ ಮಾತ್ರ. ಆ ಕ್ಷಣ ಸಿಗಬೇಕಾದರೆ ಬರ್ಸ್ಟ್ ಬೇಕು. ಆದರೆ ವೇಷ ರಂಗಕ್ಕೆ ಬಂದಾಗಿನಿಂದಲೇ ಗುಂಡಿ ಒತ್ತಿ ಹಿಡಿದರೆ ಧಿಗಿಣದ ಹೊತ್ತಿಗೆ ಬಫರ್ ತುಂಬಿರುತ್ತದೆ. ಚೆಂಡೆಯ ಪೆಟ್ಟಿಗೆ ಕಿವಿ ಕೊಡಿ. ಪೆಟ್ಟು ಏರುವಾಗ ಒತ್ತಿ, ಒಂದು ಸೆಕೆಂಡಿಗೆ ಬಿಡಿ, ಸ್ವಲ್ಪ ನಿಂತು ಪುನಃ ಒತ್ತಿ. ಬಿಟ್ಟ ಹೊತ್ತಿನಲ್ಲಿ ರಾಶಿ ಖಾಲಿಯಾಗುತ್ತದೆ.

ಹಿಂದಿನ ರೀಲಿನಲ್ಲಿ 36 ಫೋಟೋ ಮಾತ್ರ ಇರುತ್ತಿತ್ತು. ಆಗಿನವರು ಎಣಿಸಿ ಒತ್ತುತ್ತಿದ್ದರು. ಆ ಅಭ್ಯಾಸ ಈಗಲೂ ಒಳ್ಳೆಯದೇ.

ಇನ್ನೊಂದು ಉಪಾಯ: 'ರಾ' ಬಿಟ್ಟು 'ಜೆಪೆಗ್' ನಮೂನೆ ಇಡಿ. ಅದರಲ್ಲಿ ಅದೇ ಫೋಟೋ ಸುಮಾರು 8 ಎಂಬಿಯಲ್ಲಿ ಮುಗಿಯುತ್ತದೆ. ರಾಶಿ ಬೇಗ ತುಂಬುವುದಿಲ್ಲ.

ಒಂದು ಎಚ್ಚರಿಕೆ. ಕೆಂಪು ದೀಪ ಮಿಣುಕುವಾಗ ಕಾರ್ಡ್ ತೆಗೆಯಬೇಡಿ, ಬ್ಯಾಟರಿಯನ್ನೂ ತೆಗೆಯಬೇಡಿ. ಆಗ ಫೋಟೋ ಬರೆಯುತ್ತಾ ಇರುತ್ತದೆ. ನಡುವೆ ತೆಗೆದರೆ ಆ ಫೋಟೋಗಳು ಹೋಗಬಹುದು, ಕೆಲವೊಮ್ಮೆ ಮೊದಲಿನವೂ ಹೋಗಬಹುದು.

ನೆನಪಿಡಿ

ಅಂಗಡಿಯಲ್ಲಿ "ಎಷ್ಟು ಜಿಬಿ?" ಎಂದು ಕೇಳಿ ನಿಲ್ಲಿಸಬೇಡಿ. "ಬರೆಯುವ ವೇಗ ಎಷ್ಟು?" ಎಂದೂ ಕೇಳಿ. ಹೇಳಿದ್ದನ್ನು ಕಾರ್ಡಿನ ಮೇಲೆ ನೀವೇ ಓದಿ ನೋಡಿ. ಹೆಸರು ಬರೆಯಲು, ಬಸ್ಸಿನ ಬೋರ್ಡು ಓದಲು ಕಲಿತ ಹಾಗೆಯೇ ಇದೂ ಒಂದು ಓದು.

ಈ ಪಾಠವನ್ನು ತರಗತಿಯಲ್ಲಿ ಮಾಡಿದ ದಿನ ಆ ಅಕ್ಕನೂ ಬಂದಿದ್ದರು. ನನ್ನ ಹೊಸ ಕಾರ್ಡನ್ನು ಬೆಳಕಿಗೆ ಹಿಡಿದು, "ಯು ಒಳಗೆ ಮೂರು. ಈ ಸಲ ನಿಲ್ಲಲಿಕ್ಕಿಲ್ಲ ಅಲ್ವಾ ಟೀಚರೇ?" ಎಂದರು. ಏಳನೇ ತರಗತಿಯ ಪರೀಕ್ಷೆಗೆ ಅವರು ಹೆಸರು ಕೊಟ್ಟಿದ್ದಾರೆ.

ಅಭ್ಯಾಸ

1. ಮನೆಯಲ್ಲಿರುವ ಯಾವುದಾದರೂ ಒಂದು ಕಾರ್ಡನ್ನು ನೋಡಿ, ಅದರ ಮೇಲಿನ ಗುರುತುಗಳನ್ನು ಪುಸ್ತಕದಲ್ಲಿ ಬರೆಯಿರಿ.
2. ಅಡಿಕೆ ಕೊಯ್ಲಿನ ಹೋಲಿಕೆಯಲ್ಲಿ ಅಂಗಳ ಎಂದರೆ ಏನು?
3. ಸೆಕೆಂಡಿಗೆ 40 ಎಂಬಿ ಬರುತ್ತದೆ, 25 ಎಂಬಿ ಕಾರ್ಡಿಗೆ ಹೋಗುತ್ತದೆ. ಬಫರಿನಲ್ಲಿ 300 ಎಂಬಿ ಹಿಡಿಸುವುದಾದರೆ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ? (ಉತ್ತರ: 20)